ಕಡ ತಂದ ಬೀಜ

ನಂಜನಗೂಡಿಗೆ ಬಂದವರು ಶ್ರೀಕಂಠೇಶ್ವರನ ದರ್ಶನ ಮುಗಿಸಿ, ಕಪಿಲೆಯಲ್ಲಿ ಕಾಲು ನೆನೆಸಿ, ರಸಬಾಳೆ ಸಿಗುತ್ತದೆಯೇ ಎಂದು ವಿಚಾರಿಸಿ ಮೈಸೂರಿನ ಬಸ್ಸು ಹತ್ತುವುದು ರೂಢಿ. ನಾನು ತಗಡೂರಿನ ಬಸ್ಸು ಹತ್ತಿದೆ.

ತಗಡೂರು ಎಂದೊಡನೆ ಹಳಬರಿಗೆ ನೆನಪಾಗುವುದು ಖಾದಿ. ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರು ಈ ಊರಿನ ಹೆಸರನ್ನು ನಾಡಿಗೆಲ್ಲ ಮುಟ್ಟಿಸಿದರು. ಇದೇ ತಾಲ್ಲೂಕಿನ ಬದನವಾಳಿನ ನೂಲುವ ಕೇಂದ್ರವೂ ಆ ಕಾಲದ್ದೇ. ನಮ್ಮ ನೂಲನ್ನು ನಾವೇ ತೆಗೆಯಬೇಕೆಂಬ ಹಟ ಹುಟ್ಟಿದ ಸೀಮೆಯಿದು. ಆ ಹಟದ ಗುರುತು ಹುಡುಕಿಕೊಂಡು ಹೋದ ನನಗೆ ಕಣ್ಣಿಗೆ ಬಿದ್ದದ್ದು ಮಾತ್ರ ಒಂದು ಒಣಗಿದ ಬೆಂಡೆಕಾಯಿ.

ಊರಂಚಿನ ಹೆಂಚಿನ ಮನೆಯೊಂದರ ಜಗಲಿಯ ತೊಲೆಗೆ ಐದಾರು ಕಾಯಿಗಳನ್ನು ಗೊಂಚಲು ಕಟ್ಟಿ ನೇತುಹಾಕಿದ್ದರು. ಬಿಸಿಲಿಗೆ ಬಿರಿದು, ಗೆರೆಗೆರೆಯಾಗಿ, ಒಳಗಿನ ಬೀಜ ಇಣುಕುತ್ತಿತ್ತು. ನೀರು ಕೊಟ್ಟ ಅಜ್ಜಿಯನ್ನು ಕೇಳಿದೆ.

‘ಬಿತ್ತನಗ ಮಡಗಿವ್ನಿ ಕನಪ್ಪ. ಎಲ ಹಳದಿ ಆದ ಗಿಡವ ಮೊದ್ಲೇ ಕಿತ್ತು ಬಿಸಾಕ್ಬುಡಬೇಕು. ಚೆಂದಾಗಿರ ಗಿಡದ ಕಾಯಿ ಮಾತ್ರ ಮಡಿಕಬೇಕು’ ಎಂದರು.

ಅಕ್ಷರ ಕಲಿಯದ ಆ ಅಜ್ಜಿ ಹೇಳಿದ್ದು ತಳಿ ಅಭಿವೃದ್ಧಿಯ ಮೊದಲ ಪಾಠ. ಬೆಂಡೆಯ ಎಲೆಯ ನರಗಳು ಹಳದಿಯಾಗುವುದು ನಂಜುರೋಗದಿಂದ. ಬಿಳಿನೊಣ ಅದನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬೆಂಡೆಯನ್ನು ಅದರ ಕಾಡು ಬಂಧುವಿನ ಜೊತೆ ಕೂಡಿಸಿ ಈ ರೋಗ ತಡೆಯುವ ‘ಅರ್ಕಾ ಅನಾಮಿಕ’ ತಳಿಯನ್ನು ಕೊಟ್ಟಿತು. ಹೊಲದಲ್ಲಿ ರೋಗವೂ ಸುಮ್ಮನಿರುವುದಿಲ್ಲ, ತಳಿಯ ತಡೆಶಕ್ತಿ ಕ್ರಮೇಣ ಸಡಿಲುತ್ತದೆ. ಹಾಗಾಗಿ ತಳಿಗಾರರ ಕೆಲಸಕ್ಕೆ ಕೊನೆಯೆಂಬುದಿಲ್ಲ, ಅಜ್ಜಿಯ ಕೆಲಸಕ್ಕೂ ಇಲ್ಲ.

ಈ ಬೆಂಡೆ ನಮ್ಮದೇ ಎಂದುಕೊಂಡಿದ್ದೇವೆ. ಆದರೆ ಅದರ ತವರು ಆಫ್ರಿಕಾ ಎಂಬುದೇ ಬಹಳ ಮಂದಿ ಸಸ್ಯಶಾಸ್ತ್ರಜ್ಞರ ಮತ. ಅಜ್ಜಿಯ ಮನೆಯ ಸಾರಿಗೆ ಬೀಳುವ ಅಲಸಂದೆಯದೂ ಅದೇ ತವರು. ಅಷ್ಟೇಕೆ, ಮೈಸೂರು ಸೀಮೆಯವರ ಮುದ್ದೆಯ ರಾಗಿ ಮೊದಲು ಬೆಳೆದದ್ದು ಇಥಿಯೋಪಿಯ, ಉಗಾಂಡದ ಎತ್ತರದ ನೆಲಗಳಲ್ಲಿ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟು ಬಂದು ಇಲ್ಲಿ ಬೇರೂರಿತು.

ನಮ್ಮ ‘ರಾಗಿ ಲಕ್ಷ್ಮಣಯ್ಯ’ನವರು ಎರಡನೆಯ ಬಾರಿ ಅದೇ ತವರಿನ ಬಾಗಿಲು ತಟ್ಟಿದರು. ರಾಗಿಯ ಹೂವು ಬಲು ಸಣ್ಣದು, ತನ್ನೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುವಂಥದ್ದು. ಬೇರೆ ತಳಿಯೊಡನೆ ಕೂಡಿಸುವುದು ಸುಲಭವಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಅವರು 1960ರ ದಶಕದಿಂದ ತಾಳ್ಮೆಯಿಂದ ಕೂತು, ದಪ್ಪ ಕಾಂಡ, ದೊಡ್ಡ ತೆನೆಯ ಆಫ್ರಿಕದ ರಾಗಿಯನ್ನು ನಮ್ಮ ನಾಟಿ ರಾಗಿಯೊಡನೆ ಬೆರೆಸಿದರು. ಹುಟ್ಟಿದ್ದೇ ‘ಇಂಡಾಫ್’ ತಳಿಗಳು. ಇಂಡಿಯಾ, ಆಫ್ರಿಕಾ ಎರಡರ ಹೆಸರೂ ಅದರಲ್ಲಿದೆ. ಕರ್ನಾಟಕದ ರಾಗಿ ಇಳುವರಿ ಏರಿದ ಕಥೆಯಲ್ಲಿ ಈ ಹೆಸರು ಬಿಟ್ಟು ಮುಂದೆ ಹೋಗುವಂತಿಲ್ಲ.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. ‘ಅಂಗಾರ ಅವರ ಬೀಜವ ನಾವು ಕಡ ತಂದಂಗಾಯ್ತು’ ಎಂದು ನಕ್ಕು, ‘ಕಡ ತಂದ ಬೀಜವ ತಂದಷ್ಟೇ ಅಳ್ದು ಕೊಡಬಾರ್ದು ಕನಪ್ಪ. ಒಂದು ಹಿಡಿ ಜಾಸ್ತಿ ಹಾಕಿ ಕೊಡಬೇಕು’ ಎಂದರು.

ಆ ಒಂದು ಹಿಡಿ ನನ್ನನ್ನು ಬಿಡಲಿಲ್ಲ. ಆಫ್ರಿಕದ ಸಣ್ಣ ರೈತರು ಬಹುಕಾಲ ಬೇರಾವುದೋ ಹವೆಗೆಂದು ಬೆಳೆಸಿದ ತರಕಾರಿ ಬೀಜವನ್ನೇ ಕೊಂಡು ಬಿತ್ತಿದವರು. ಅದು ಅಲ್ಲಿನ ಬಿಸಿಲಿಗೆ, ಅಲ್ಲಿನ ರೋಗಕ್ಕೆ ಹೊಂದಬೇಕೆಂದೇನಿಲ್ಲ. ತೈವಾನಿನಲ್ಲಿ 1971ರಲ್ಲಿ ಹುಟ್ಟಿದ ವಿಶ್ವ ತರಕಾರಿ ಕೇಂದ್ರ 1992ರಲ್ಲಿ ತಾಂಜಾನಿಯದ ಅರುಷಾದಲ್ಲಿ ನೆಲೆಯೂರಿತು. ಆ ಕೇಂದ್ರದ ತಳಿಗಳಿಂದಲೇ 1997ರಲ್ಲಿ ‘ತಾನ್ಯಾ’, ‘ತೆಂಗೇರು 97’ ಎಂಬ ಟೊಮೆಟೊಗಳು ಅಲ್ಲಿನ ರೈತರ ಕೈಸೇರಿದವು. ಎರಡೂ ಬೀಜ ಉಳಿಸಿಕೊಂಡು ಮತ್ತೆ ಬಿತ್ತಬಹುದಾದಂಥವು. ಏಷ್ಯಾದ ಸಣ್ಣ ರೈತರಿಗಾಗಿ 1982ರಲ್ಲಿ ಫಿಲಿಪೀನ್ಸ್‌ನಲ್ಲಿ ತರಕಾರಿ ಬೀಜದ ಕಂಪನಿ ಕಟ್ಟಿ, ಅದನ್ನು ಆಫ್ರಿಕಕ್ಕೂ ಒಯ್ದ ಡಚ್ಚರ ಸೈಮನ್ ಗ್ರೂಟ್ ಅವರಿಗೆ 2019ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು.

ಹೈಬ್ರಿಡ್ ಬೀಜದ ದಾರಿ ಬೇರೆ. ನಮ್ಮ ರಾಣೆಬೆನ್ನೂರಿನ ಕಡೆ ಹೋದರೆ ಅದು ಹುಟ್ಟುವುದನ್ನು ಕಾಣಬಹುದು. ಹೆಣ್ಣುಮಕ್ಕಳು ಅರಳಲಿರುವ ಮೊಗ್ಗಿನ ಕೇಸರವನ್ನು ಒಂದೊಂದಾಗಿ ಬಿಡಿಸಿ, ಮರುದಿನ ಇನ್ನೊಂದು ತಳಿಯ ಪರಾಗ ಮುಟ್ಟಿಸುತ್ತಾರೆ. ಫಸಲು ಹೆಚ್ಚು, ಕಾಯಿ ಒಂದೇ ಸಮ. ಆದರೆ ಅದರಿಂದ ತೆಗೆದ ಬೀಜ ಬಿತ್ತಿದರೆ ಮುಂದಿನ ಗಿಡಗಳು ನಾನಾ ಬಗೆಯಾಗಿ ಒಡೆಯುತ್ತವೆ. ವರ್ಷವರ್ಷವೂ ಅಂಗಡಿಗೇ ಹೋಗಬೇಕು. ಕೈಯಲ್ಲಿ ಕಾಸಿದ್ದ ವರ್ಷ ಸರಿ, ಮಳೆ ಕೈಕೊಟ್ಟ ವರ್ಷ?

ನಮ್ಮ ದೇಶದ 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, ಬೀಜ ಉಳಿಸುವ, ಬಿತ್ತುವ, ಬದಲಿಸಿಕೊಳ್ಳುವ ರೈತನ ಹಕ್ಕನ್ನು ಬರೆದಿಟ್ಟಿದೆ. ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೆ. ಆಫ್ರಿಕಕ್ಕೆ ಬೀಜ ಕಳಿಸುವವರು ಪೊಟ್ಟಣದ ಜೊತೆ ಈ ಹಕ್ಕನ್ನೂ ಕಳಿಸಿದರೆ ಅಜ್ಜಿ ಹೇಳಿದ ಆ ಹೆಚ್ಚಿನ ಹಿಡಿ ಸಂದಂತೆ. ನೂಲಿಗೆ ಹೇಳಿದ ಮಾತು ಬೀಜಕ್ಕೂ ಸಲ್ಲುತ್ತದೆ ಎಂದು ತಗಡೂರಿನಲ್ಲಿ ನಿಂತಾಗ ನನಗನ್ನಿಸಿತು.

ಸಂಜೆಯ ಬಸ್ಸಿಗೆ ಹೊರಟಾಗ ಅಜ್ಜಿ ತೊಲೆಯ ಗೊಂಚಲಿನಿಂದ ಒಂದು ಕಾಯಿ ಬಿಡಿಸಿ ಕೈಗಿತ್ತರು. ‘ಮಳ ಬಿದ್ಮೇಲ ಹಾಕು. ಬಂದ್ರ ನಂಗೂ ಒಂದಿಷ್ಟು ಬೀಜ ತಂದ್ಕೊಡು’ ಎಂದರು.

ಕಾಯಿ ಕಿವಿಯ ಬಳಿ ಹಿಡಿದು ಅಲ್ಲಾಡಿಸಿದೆ. ಗಿಲಕಿಯಂತೆ ಸದ್ದು ಮಾಡಿತು.