ಮರ ಗುಡಿಸುವುದು

ರಾತ್ರಿ ಒಂದೂವರೆಗೆ ಎಚ್ಚರವಾಯಿತು. ಸದ್ದಿಗಲ್ಲ, ಸದ್ದು ನಿಂತದ್ದಕ್ಕೆ. ತೀರ್ಥಹಳ್ಳಿ ಕಡೆಯವನಾದ ನನಗೆ ಹಂಚಿನ ಮೇಲಿನ ಸದ್ದು ನಿಂತರೆ ಮಳೆ ಹೊಳವಾಯಿತೆಂದೇ ಲೆಕ್ಕ. ಮಗ್ಗಲು ಬದಲಿಸಿ ಮಲಗಿದರಾಯಿತು. ಡೆನ್ವರ್‌ನಲ್ಲಿ ಹಾಗಲ್ಲ. ಸಂಜೆಯಿಂದ ಹೊಯ್ಯುತ್ತಿದ್ದ ಮಳೆ ಗಪ್ಪೆಂದರೆ ಅದು ಹಿಮವಾಗಿದೆ ಎಂದರ್ಥ. ಎದ್ದು ಜಾಕೆಟ್ಟು ಏರಿಸಿ, ಉದ್ದ ಕೋಲಿನ ಪೊರಕೆ ಹಿಡಿದು ಮರ ಗುಡಿಸಲು ಹೊರಟೆ.

ಅದು 2022ರ ಮೇ 20ರ ರಾತ್ರಿ. ಹಿಂದಿನ ದಿನ ಮಧ್ಯಾಹ್ನ ಬಿಸಿಲು 30 ಡಿಗ್ರಿ ಮುಟ್ಟಿ, ಫ್ಯಾನಿಲ್ಲದೆ ಕೂರಲಾಗಿರಲಿಲ್ಲ.

ಇಲ್ಲಿ ಅತಿ ಹೆಚ್ಚು ಹಿಮ ಸುರಿಯುವುದು ಡಿಸೆಂಬರಿನಲ್ಲಲ್ಲ, ಮಾರ್ಚಿನಲ್ಲಿ, ಯುಗಾದಿಯ ಆಸುಪಾಸಿನಲ್ಲಿ. 2003ರ ಮಾರ್ಚಿನಲ್ಲಂತೂ ಮೂರೇ ದಿನಕ್ಕೆ 31.8 ಇಂಚು. ಮೆಕ್ಸಿಕೊ ಕೊಲ್ಲಿಯ ತೇವ ಹೊತ್ತ ಮೂಡಣ ಗಾಳಿ ಬಯಲು ದಾಟಿ ಬಂದು ರಾಕಿ ಬೆಟ್ಟಗಳಿಗೆ ಹಾಯುತ್ತದೆ, ಮೇಲೇರಿ ತಣ್ಣಗಾಗುತ್ತದೆ, ಸುರಿಯುತ್ತದೆ. ಅರಬ್ಬಿ ಸಮುದ್ರದ ಗಾಳಿ ಆಗುಂಬೆಗೆ ಹಾಯುವ ಹಾಗೇ. ದಿಕ್ಕು ಮಾತ್ರ ಉಲ್ಟಾ. ಅದೇ ಮೋಡ ಬೆಟ್ಟದಲ್ಲಿ ಹಿಮ, ಬಯಲಲ್ಲಿ ಮಳೆ. ಎರಡರ ಗಡಿ ರಾತ್ರಿ ಹೊತ್ತು ಇಳಿದಿಳಿದು ನಮ್ಮ ಹಿತ್ತಲಿಗೇ ಬರುತ್ತದೆ.

ಚಳಿಗಾಲದ ಹಿಮಕ್ಕೆ ಯಾರೂ ಮರ ಗುಡಿಸುವುದಿಲ್ಲ. ಅದು ಒಣ ಪುಡಿ. 15 ಇಂಚು ಕರಗಿಸಿದರೆ ಒಂದಿಂಚು ನೀರು ಸಿಕ್ಕೀತು. ಬೋಳು ಕೊಂಬೆಯಲ್ಲಿ ನಿಲ್ಲುವುದೂ ಇಲ್ಲ. ವಸಂತದ್ದು ಹಿಂಡದ ಬಟ್ಟೆಯಂಥದ್ದು, ಮರವೂ ಆಗಷ್ಟೇ ಎಲೆ ಬಿಟ್ಟಿರುತ್ತದೆ. ಒಂದೊಂದು ಎಲೆಯೂ ಬೊಗಸೆ ಒಡ್ಡಿ ಹಿಡಿದುಕೊಳ್ಳುತ್ತದೆ. ಚಿಗುರಿದ್ದೇ ತಪ್ಪಾಯಿತೇನೋ ಎನ್ನುವಂತೆ ನಮ್ಮ ಲೈಲಾಕ್ ಗಿಡ ನೆಲಕ್ಕೆ ಹಣೆ ಹಚ್ಚಿತ್ತು.

ಗುಡಿಸುವುದಕ್ಕೂ ಕ್ರಮವಿದೆ. ಮೇಲಿಂದ ಬಡಿದರೆ ಕೊಂಬೆ ಲಟಕ್ಕನೆ ಮುರಿಯುತ್ತದೆ. ಕೆಳಗಿನಿಂದ ಪೊರಕೆ ಒತ್ತು ಕೊಟ್ಟು, ಮಲಗಿದ ಮಗುವಿನ ತಲೆ ಎತ್ತುವ ಹಾಗೆ ಮೆಲ್ಲಗೆ ಎತ್ತಬೇಕು. ಹಿಮದ ಮುದ್ದೆ ಜಾರಿ ನೇರ ನಿಮ್ಮ ಕತ್ತಿನೊಳಗೇ ಬೀಳುತ್ತದೆ. ಅದಕ್ಕೆ ಉಪಾಯ ಇನ್ನೂ ಕಂಡುಕೊಂಡಿಲ್ಲ. ಕೊಂಬೆ ಮಾತ್ರ ಚಿಮ್ಮಿ ಮೇಲೆದ್ದು ನಿಲ್ಲುತ್ತದೆ. ಅಷ್ಟರಲ್ಲಿ ಪಕ್ಕದ ಬೀದಿಯಲ್ಲಿ ಕೋವಿ ಹಾರಿಸಿದಂಥ ಸದ್ದು. ಯಾರದೋ ದೊಡ್ಡ ಮರ. ಹಿಂದೆಯೇ ಕರೆಂಟೂ ಹೋಯಿತು.

ಟೊಮ್ಯಾಟೊ ಸಸಿಗಳಿಗೆ ಸಂಜೆಯೇ ಹಳೇ ಪಂಚೆ ಹೊದಿಸಿದ್ದೆ. ಮದರ್ಸ್ ಡೇ ಕಳೆಯುವವರೆಗೆ ಸಸಿ ನೆಡಬಾರದೆಂಬುದು ಇಲ್ಲಿನವರ ಲೆಕ್ಕಾಚಾರ. ಅದು ಕಳೆದು ಹನ್ನೆರಡು ದಿನವಾದ ಮೇಲೆ ಈ ಪಾಡು.

ಪೂರ್ವದ ಬಯಲಿನಲ್ಲಿ ಗೋಧಿ ಬೆಳೆಯುವ ಮನೆಯಿಂದ ಬಂದ ನನ್ನ ಸಹೋದ್ಯೋಗಿಗೆ ಬೇರೆಯೇ ಚಿಂತೆ. ಬರದ ವರ್ಷ, ಈ ನೀರು ಬೇಕೇಬೇಕು. ಆದರೆ ತೆನೆ ಹೊರಡುವ ಹೊತ್ತಿಗೆ ಸೊನ್ನೆಗಿಂತ ಕೆಳಗಿಳಿದರೆ ಕಾಳು ಕಟ್ಟುವುದಿಲ್ಲ.

ಬೆಳಿಗ್ಗೆ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಉದುರಿದ ಮೇಲೆ ಗುಡಿಸೋದು ಕೇಳಿದೀನಿ. ಮರದ ಮೇಲಿರುವಾಗಲೇ ಗುಡಿಸ್ತಾರೇನೋ?" ಎಂದಳು. ಮುರಿದ ಒಂದು ಲೈಲಾಕ್ ಕೊಂಬೆಯನ್ನು ಹಿತ್ತಾಳೆ ಚೊಂಬಿನಲ್ಲಿಟ್ಟು ವಿಡಿಯೊದಲ್ಲಿ ತೋರಿಸಿದೆ. ಹೂವಿನೊಳಗಿನ ಹಿಮ ಇನ್ನೂ ತೊಟ್ಟಿಕ್ಕುತ್ತಿತ್ತು. "ವಾಸನೆ ಇದೆಯಾ?" ಎಂದು ಕೇಳಿದಳು.