ಎಣ್ಣೆಯ ಕನ್ನಡಿ, ಕಣ್ಣಿನ ಭ್ರಮೆ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಕನ್ನಡ ನಾಡಿನ ಹಿರಿಯರು ಬಿಟ್ಟುಹೋದ ನುಡಿ. ಕಂಡದ್ದು ಒಂದು, ಇರುವುದು ಮತ್ತೊಂದು. ಇವೆರಡರ ನಡುವಣ ಅಂತರವನ್ನು ಅರಿಯದವನು ಕಣ್ಣಿದ್ದೂ ಕುರುಡನೇ ಸರಿ. ಈ ಅಂತರವನ್ನೇ ತನ್ನ ಕಲೆಯ ವಸ್ತುವನ್ನಾಗಿ ಮಾಡಿಕೊಂಡ ಕಲಾವಿದ ನಾರ್ವೆ ದೇಶದ ಪೆರ್ ಬಾರ್ಕ್ಲೇ.

1955ರಲ್ಲಿ ಓಸ್ಲೋ ನಗರದಲ್ಲಿ ಜನಿಸಿದ ಬಾರ್ಕ್ಲೇ ಇಟಲಿಯಲ್ಲಿ ಕಲಾಭ್ಯಾಸ ಮಾಡಿದವರು. 1980ರ ದಶಕದ ಕೊನೆಯಿಂದ ಅವರು ಕೈಗೊಂಡ ‘ಎಣ್ಣೆಯ ಕೋಣೆ’ಗಳು ಅವರಿಗೆ ಹೆಸರು ತಂದವು. ಇವುಗಳ ವಿಧಾನ ನೋಡಲು ಸರಳ. ಒಂದು ಕಟ್ಟಡವನ್ನು ಆರಿಸಿ, ಅದರ ನೆಲದಿಂದ ಏನೂ ಸೋರದಂತೆ ಭದ್ರಪಡಿಸಿ, ಅಲ್ಲಿ ಯಂತ್ರಗಳಿಗೆ ಬಳಸುವ ಕಪ್ಪು ಎಣ್ಣೆಯನ್ನು ತುಂಬುತ್ತಾರೆ. ಕೆಲವೆಡೆ ನೀರು, ಹಾಲು, ರಕ್ತಗಳನ್ನೂ ಬಳಸಿದ್ದುಂಟು. ಎಣ್ಣೆ ನಿಶ್ಚಲವಾದೊಡನೆ ನೆಲವೇ ಮಾಯವಾಗುತ್ತದೆ. ಮೇಲಿನ ಛಾವಣಿ ಕೆಳಗೂ ಕಾಣುತ್ತದೆ; ಕಂಬಗಳು ಪಾತಾಳಕ್ಕೆ ಇಳಿಯುತ್ತವೆ; ಕಿಟಕಿಯ ಬೆಳಕು ಎರಡೂ ಕಡೆಯಿಂದ ಬರುತ್ತದೆ. ಛಾವಣಿ ಎಷ್ಟು ಎತ್ತರವೋ ಪಾತಾಳವೂ ಅಷ್ಟೇ ಆಳ. ಆದರೆ ನಿಜವಾದ ಆಳ ತೀರ ಅಲ್ಪ. ಆ ಆಳವೆಲ್ಲ ಎತ್ತರದಿಂದ ಪಡೆದ ಎರವಲು!

ನೀರಿನಲ್ಲಾಗದ್ದು ಎಣ್ಣೆಯಲ್ಲಿ ಹೇಗಾಯಿತು? ನೀರು ಪಾರದರ್ಶಕ, ತಿಳಿನೀರಿನಲ್ಲಿ ತಳ ಕಾಣುತ್ತದೆ, ಗಾಳಿ ಸೋಕಿದರೆ ಅಲೆ ಏಳುತ್ತದೆ. ಕಪ್ಪು ಎಣ್ಣೆಯಾದರೋ ತನ್ನೊಳಗೆ ಹೊಕ್ಕ ಬೆಳಕನ್ನು ಮರಳಿ ಬಿಡದು, ಆದುದರಿಂದ ತಳ ಕಾಣದು. ಅದರ ಸ್ನಿಗ್ಧತೆ ಸಣ್ಣ ಅಲೆಗಳನ್ನು ಬೇಗನೆ ಅಡಗಿಸುತ್ತದೆ. ಉಳಿಯುವುದು ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕು ಮಾತ್ರ. ನೇರ ಮೇಲಿನಿಂದ ನೋಡಿದರೆ ಅದು ಸುಮಾರು ಶೇ. 4ರಷ್ಟೇ, ನೋಟ ಓರೆಯಾದಂತೆಲ್ಲ ಹೆಚ್ಚುತ್ತದೆ. ಆದುದರಿಂದ ನೋಡುಗನ ಕಾಲಬಳಿ ಕತ್ತಲೆ, ದೂರದಲ್ಲಿ ಉಜ್ಜ್ವಲವಾದ ಕನ್ನಡಿ. ಪ್ರತಿಬಿಂಬವು ಬಿಂಬಕ್ಕಿಂತ ಒಂದಿಷ್ಟು ಮಂಕಾಗಿಯೇ ಇರುತ್ತದೆ. ಎಚ್ಚರವಿರುವ ಕಣ್ಣಿಗೆ ದೊರೆಯುವ ಸುಳಿವು ಇದೊಂದೇ.

ಕನ್ನಡಿಗರಿಗೆ ಇದನ್ನು ಕೇಳಿದೊಡನೆ ಮಯಸಭೆಯ ನೆನಪಾಗುವುದು ಸಹಜ. ಇಂದ್ರಪ್ರಸ್ಥದ ಆ ಸಭಾಭವನದಲ್ಲಿ ದುರ್ಯೋಧನನು ನೆಲವನ್ನು ನೀರೆಂದು ಬಗೆದು ಉಡುಗೆಯನ್ನೆತ್ತಿದ, ನೀರನ್ನು ನೆಲವೆಂದು ನಂಬಿ ಬಿದ್ದ. ಅವನಿಗಾದ ನೋವು ನೆನೆದ ಬಟ್ಟೆಯದಲ್ಲ, ಕೆಡೆದ ಅಭಿಮಾನದ್ದು. ಕಣ್ಣಿನ ತಪ್ಪನ್ನು ಒಪ್ಪಿಕೊಂಡಿದ್ದರೆ ನಕ್ಕು ಮುಗಿಯುತ್ತಿದ್ದ ಪ್ರಸಂಗವದು. ಅಹಂಕಾರ ಒಪ್ಪದ ಕಾರಣ ಮತ್ಸರವಾಗಿ ಬೆಳೆಯಿತು. ಬಾರ್ಕ್ಲೇ ಅವರ ಕೋಣೆಯಲ್ಲಿ ಯಾರೂ ಬೀಳುವುದಿಲ್ಲ, ಏಕೆಂದರೆ ಒಳಗೆ ಕಾಲಿಡುವಂತಿಲ್ಲ. ನೋಡುಗನು ಹೊಸ್ತಿಲಲ್ಲೇ ನಿಲ್ಲಬೇಕು. ಒಂದು ಹೆಜ್ಜೆ ಇಟ್ಟರೆ ಪಾದಕ್ಕೆ ಮಸಿ, ಬಿಂಬಕ್ಕೆ ಭಂಗ. ಸೌಂದರ್ಯವನ್ನು ಹಿಡಿಯಹೋದವನಿಗೆ ದಕ್ಕುವುದು ಕಲೆಯಲ್ಲ, ಬರಿಯ ಕೊಳೆ.

ಈ ಕೋಣೆಗಳು ಶಾಶ್ವತವೂ ಅಲ್ಲ. ಎಣ್ಣೆಯನ್ನು ತೆಗೆದ ಮೇಲೆ ಕಟ್ಟಡ ಮೊದಲಿನಂತೆಯೇ ಇರುತ್ತದೆ. ಉಳಿಯುವುದು ಕಲಾವಿದರು ತೆಗೆದ ದೊಡ್ಡ ಛಾಯಾಚಿತ್ರ. ಅದು ಪ್ರತಿಬಿಂಬದ ಪ್ರತಿಬಿಂಬ, ಭ್ರಮೆಯ ನೆರಳು. ಆದರೂ ಅದರ ಮುಂದೆ ನಿಂತವನ ಕಣ್ಣು ಮತ್ತೊಮ್ಮೆ ಮೋಸಹೋಗುತ್ತದೆ. ಸತ್ಯ ತಿಳಿದ ಮೇಲೂ ಕಣ್ಣು ತನ್ನ ಹಟ ಬಿಡದು. ಬುದ್ಧಿ ಕಲಿತ ಮಾತ್ರಕ್ಕೆ ಇಂದ್ರಿಯ ಕಲಿಯದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಕನ್ನಡಿಯಾದ ವಸ್ತು ಎಣ್ಣೆ ಎಂಬುದನ್ನು ಮರೆಯಲಾಗದು. ಬಾರ್ಕ್ಲೇ ಹದಿನಾಲ್ಕರ ಬಾಲಕನಾಗಿದ್ದ 1969ರಲ್ಲಿ ಉತ್ತರ ಸಮುದ್ರದ ಎಕೋಫಿಸ್ಕ್ ಎಂಬಲ್ಲಿ ಅಪಾರ ತೈಲ ದೊರೆಯಿತು. ಮೀನು, ಮರ, ಹಡಗುಗಳನ್ನು ನಂಬಿದ್ದ ನಾಡು ಒಂದೇ ತಲೆಮಾರಿನಲ್ಲಿ ಜಗತ್ತಿನ ಸಿರಿವಂತ ದೇಶಗಳ ಸಾಲಿಗೆ ಸೇರಿತು. ಆ ನಾಡಿನವರು ವಿವೇಕವನ್ನೂ ತೋರಿದರು. 1990ರಲ್ಲಿ ತೈಲನಿಧಿಗೆ ಕಾನೂನು ಮಾಡಿದರು, 1996ರಲ್ಲಿ ಮೊದಲ ಹಣ ತೊಡಗಿಸಿದರು. ಮೂಲಧನವನ್ನು ಮುಟ್ಟದೆ ಅದರ ನಿರೀಕ್ಷಿತ ಗಳಿಕೆಯಷ್ಟನ್ನೇ ಬಳಸುವ ನಿಯಮವನ್ನು 2001ರಲ್ಲಿ ತಂದರು. ಇದು ಹೊಸ್ತಿಲಲ್ಲಿ ನಿಲ್ಲುವ ಸಂಯಮವೇ ಅಹುದು.

ಆದರೆ ಪ್ರತಿಬಿಂಬ ಅಲ್ಲಿಯೂ ಇದೆ. 2024ರಲ್ಲಿ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ವಿದ್ಯುತ್ತಿನವು. ಮನೆಯ ದೀಪಗಳಿಗೆ ಬಹುಪಾಲು ಜಲವಿದ್ಯುತ್ತು. ಕಡಲಾಳದಿಂದ ತೆಗೆದ ತೈಲವಾದರೋ ಪರದೇಶಗಳಲ್ಲಿ ಉರಿದು ಹೊಗೆಯಾಗುತ್ತದೆ. ಮನೆಯ ಅಂಗಳ ಶುಭ್ರವಾಗಿ ಕಾಣುವಾಗ ಹೊಗೆ ಎಲ್ಲಿ ಹೋಯಿತೆಂದು ಕೇಳದಿರುವುದೂ ಕಣ್ಣಿನ ಭ್ರಮೆಯೇ. ನಾರ್ವೆಯೊಂದನ್ನೇ ದೂರಿ ಫಲವಿಲ್ಲ. ಕೊಂಡು ಉರಿಸುವವರೂ ಅದೇ ಕೋಣೆಯ ನೋಡುಗರು. ಕನ್ನಡಿಯೊಳಗಿನ ಗಂಟು ಕೈಗೆ ಬಾರದೆಂದು ಗಾದೆ ಹೇಳುತ್ತದೆ. ಇಲ್ಲಿಯೋ ಗಂಟು ಕೈಗೆ ಬಂದಿದೆ, ಅದರ ಬೆಲೆ ಮಾತ್ರ ಕಾಣದ ಕಡೆ ಪ್ರತಿಬಿಂಬಿಸಿದೆ.

ಭ್ರಮೆಯನ್ನು ಹುಟ್ಟಿಸುವವನು ಮೋಸಗಾರನಾಗಬಹುದು, ಗುರುವೂ ಆಗಬಹುದು. ಮೋಸಗಾರನು ಭ್ರಮೆಯನ್ನು ಬಚ್ಚಿಡುತ್ತಾನೆ. ಗುರುವು ಅದನ್ನು ಬಿಚ್ಚಿಡುತ್ತಾನೆ. ಬಾರ್ಕ್ಲೇ ಅವರ ಕೋಣೆಯಲ್ಲಿ ಮರೆಮಾಚಿದ್ದು ಏನೂ ಇಲ್ಲ. ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಲೇ ಇರುತ್ತದೆ. ಕಣ್ಣು ‘ಪಾತಾಳ’ ಎಂದಾಗ ಮೂಗು ‘ಎಣ್ಣೆ’ ಎನ್ನುತ್ತದೆ. ಒಂದು ಇಂದ್ರಿಯದ ಸಾಕ್ಷ್ಯವನ್ನು ಮತ್ತೊಂದರಿಂದ ಪ್ರಮಾಣಿಸಿ, ಎರಡನ್ನೂ ಅರಿವಿನ ಮುಂದೆ ನಿಲ್ಲಿಸಿ ತೀರ್ಪು ಕೊಡುವವನೇ ನಿಜವಾದ ನೋಡುಗ. ಕಂಡುದಕ್ಕೆ ಮರುಳಾಗುವುದು ಸುಲಭ, ಕಾಣುವುದನ್ನೇ ಬಿಡುವುದೂ ಸುಲಭ. ಕಾಣುತ್ತಲೇ ಎಚ್ಚರವಾಗಿರುವುದು ಸಾಧನೆ.