ಸಾರಥಿಯ ದಾರಿಯಲ್ಲಿ ಸಾಲಾವಳಿ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರುಗಳ ಹಾದಿ. ಬಸ್ಸು ಹತ್ತಿದವನು ಪಕ್ಕದವರೊಡನೆ ಕುಶಲಪ್ರಶ್ನೆ ಮುಗಿಸುವಷ್ಟರಲ್ಲಿ ತುಂಗಭದ್ರೆಯ ತೀರ ಬಂದುಬಿಡುತ್ತದೆ. ಅಲ್ಲಿಂದ ತಾಲ್ಲೂಕಿನ ಹಳ್ಳಿಗಳಿಗೆ ಕವಲೊಡೆಯುವ ದಾರಿಗಳಲ್ಲಿ ಒಂದು ಸಾರಥಿ ಎಂಬ ಊರಿಗೆ ಹೋಗುತ್ತದೆ. ಹೆಸರು ಕೇಳಿದೊಡನೆ ರಥವೂ ಕುದುರೆಗಳೂ ಕಣ್ಣಿಗೆ ಕಟ್ಟುತ್ತವೆ. ಆದರೆ ದಾರಿಯುದ್ದಕ್ಕೂ ಕಾಣುವುದು ಬತ್ತದ ಗದ್ದೆಗಳು. ಭದ್ರಾ ನಾಲೆಯ ನೀರು ಹರಿದ ಮೇಲೆ ಈ ತಾಲ್ಲೂಕಿನ ಬಯಲಿನ ಬಣ್ಣವೇ ಬೇರೆಯಾಯಿತು. ಕೊಯ್ಲು ಮುಗಿದು ಕಣ ಬರಿದಾದರೆ ಇಲ್ಲಿ ಎರಡನೆಯ ಸುಗ್ಗಿ ಮೊದಲಾಗುತ್ತದೆ. ಅದು ಮದುವೆಯ ಮಾತುಕತೆಯ ಸುಗ್ಗಿ.

ಆ ಕಡೆಗೆ ಹೊರಟಿದ್ದ ನನಗೆ ಬಸ್ಸಿನಲ್ಲಿ ಜೊತೆಯಾದ ಹಿರಿಯರೊಬ್ಬರು ಅಂಥ ಮಾತುಕತೆಗೇ ಹೊರಟವರಾಗಿದ್ದರು. ಜೇಬಿನಲ್ಲಿ ನಾಲ್ಕು ಮಡಿಕೆಯಾದ ಒಂದು ಚೀಟಿ. ನನ್ನ ಉದ್ಯೋಗವನ್ನು ವಿಚಾರಿಸಿಕೊಂಡ ಮೇಲೆ ಚೀಟಿಯನ್ನು ಬಿಡಿಸಿ ಹೇಳಿದರು:

“ನೋಡ್ರಿ ಮೇಷ್ಟ್ರೇ, ನಮ್ಮ ಹುಡುಗೀದು ಮೂಲಾ ನಕ್ಷತ್ರ. ಮೂರು ಸಂಬಂಧ ಬಾಗಿಲತನಕ ಬಂದು ತಿರುಗಿ ಹೋದ್ವು. ಈಗ ಸಾರಥಿ ಕಡೆ ಒಂದು ಮನೆ ಐತಂತೆ. ಹುಡುಗನಿಗೆ ತಂದೆ ಇಲ್ಲ.”

“ತಂದೆ ಇಲ್ಲದಿರುವುದು ಒಳ್ಳೆಯದೇ, ಯಜಮಾನರೇ?” ಎಂದೆ.

“ನಮಗೆ ಅದೇ ಅನುಕೂಲ ನೋಡ್ರಿ” ಎಂದರು ಅವರು, ತುಸು ನಾಚಿಕೆಯಿಂದ.

ಈ ಅನುಕೂಲದ ಅರ್ಥ ವಾಚಕರಲ್ಲಿ ಅನೇಕರಿಗೆ ಗೊತ್ತು. ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಆಗದು, ಆಶ್ಲೇಷಾ ನಕ್ಷತ್ರದವಳು ಅತ್ತೆಗೆ ಆಗದು, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ ಎಂಬ ನಂಬಿಕೆ ನಮ್ಮ ನಾಡಿನಲ್ಲಿ ಬಹು ಕಾಲದಿಂದ ಬೇರೂರಿದೆ. ಹೀಗಾಗಿ ಒಂದು ಮನೆಯ ದುಃಖ ಇನ್ನೊಂದು ಮನೆಯ ಸೌಕರ್ಯವಾಗುತ್ತದೆ. ಮಾವನಿಲ್ಲದ ಮನೆಯನ್ನು ಹುಡುಕಿಕೊಂಡು ಹೆಣ್ಣಿನ ತಂದೆ ಊರೂರು ಅಲೆಯುತ್ತಾನೆ.

ನಕ್ಷತ್ರದ ಗಂಡಾಂತರವನ್ನು ದಾಟಿದರೂ ಸಾಲಾವಳಿ ಉಂಟು. ಅಷ್ಟಕೂಟದ ಪದ್ಧತಿಯಲ್ಲಿ ವರ್ಣಕ್ಕೆ 1, ವಶ್ಯಕ್ಕೆ 2, ತಾರೆಗೆ 3, ಯೋನಿಗೆ 4, ಗ್ರಹಮೈತ್ರಿಗೆ 5, ಗಣಕ್ಕೆ 6, ರಾಶಿಗೆ 7, ನಾಡಿಗೆ 8, ಒಟ್ಟು 36 ಗುಣಗಳು. ಅರ್ಧ, ಎಂದರೆ 18, ಕೂಡಿ ಬಂದರೆ ಸಂಬಂಧ ಆಗಬಹುದು. ಜಾತಕವೇ ಇಲ್ಲದ ಮನೆಗಳಲ್ಲಿ ಹೆಸರಿನ ಮೊದಲ ಅಕ್ಷರದಿಂದ ನಕ್ಷತ್ರವನ್ನು ಹಿಡಿದು ‘ಹೆಸರುಬಲ’ ನೋಡುತ್ತಾರೆ.

ಇವುಗಳಲ್ಲಿ ಯೋನಿಕೂಟವೆಂಬುದು ಒಂದು ಮೃಗಾಲಯವೇ ಸರಿ. ಅಭಿಜಿತ್ತನ್ನೂ ಸೇರಿಸಿ 28 ನಕ್ಷತ್ರಗಳನ್ನು 14 ಪ್ರಾಣಿಗಳಿಗೆ ಎರಡೆರಡರಂತೆ ಹಂಚಿದ್ದಾರೆ. ಅಶ್ವಿನಿ ಶತಭಿಷೆಗಳು ಕುದುರೆ. ಸ್ವಾತಿ ಹಸ್ತಗಳು ಎಮ್ಮೆ. ರೋಹಿಣಿ ಮೃಗಶಿರೆಗಳು ಹಾವು. ಮೂಲಾ ಆರ್ದ್ರೆಗಳ ಪಾಲಿಗೆ ನಾಯಿ ಬಂದಿದೆ. ಹಸುವಿಗೆ ಹುಲಿ, ಆನೆಗೆ ಸಿಂಹ, ಕುದುರೆಗೆ ಎಮ್ಮೆ, ನಾಯಿಗೆ ಜಿಂಕೆ, ಹಾವಿಗೆ ಮುಂಗುಸಿ, ಕುರಿಗೆ ಕೋತಿ, ಇಲಿಗೆ ಬೆಕ್ಕು ಹುಟ್ಟುಹಗೆ. ಗಂಡು ಹೆಣ್ಣುಗಳಲ್ಲಿ ಒಬ್ಬರದು ಆಶ್ಲೇಷೆಯ ಬೆಕ್ಕು, ಇನ್ನೊಬ್ಬರದು ಮಘೆಯ ಇಲಿ ಎಂದಾದರೆ ನಾಲ್ಕು ಗುಣಗಳೂ ಸೊನ್ನೆ.

ಪ್ರಾಣಿಗಳನ್ನು ಮದುವೆಯ ಚಪ್ಪರಕ್ಕೆ ಕರೆತಂದವರು ನಾವು ಮಾತ್ರ ಅಲ್ಲ. ಚೀನೀಯರಲ್ಲಿ 12 ಪ್ರಾಣಿಗಳ ಚಕ್ರವಿದೆ: ಇಲಿ, ಎತ್ತು, ಹುಲಿ, ಮೊಲ, ಡ್ರಾಗನ್, ಹಾವು, ಕುದುರೆ, ಕುರಿ, ಕೋತಿ, ಕೋಳಿ, ನಾಯಿ, ಹಂದಿ. ನಮ್ಮಲ್ಲಿ ಪ್ರಾಣಿ ನಕ್ಷತ್ರವನ್ನು ಅನುಸರಿಸಿದರೆ ಅಲ್ಲಿ ವರ್ಷವನ್ನು ಅನುಸರಿಸುತ್ತದೆ. ಆದುದರಿಂದ ಒಂದು ತರಗತಿಯ ಮಕ್ಕಳಲ್ಲಿ ಬಹುಪಾಲು ಒಂದೆರಡು ಪ್ರಾಣಿಗಳಲ್ಲೇ ಮುಗಿದುಹೋಗುತ್ತಾರೆ! ಚಕ್ರದಲ್ಲಿ ಎದುರುಬದುರಾದವು ಪರಸ್ಪರ ವೈರಿಗಳು: ಇಲಿಗೆ ಕುದುರೆ, ಎತ್ತಿಗೆ ಕುರಿ, ಹುಲಿಗೆ ಕೋತಿ, ಮೊಲಕ್ಕೆ ಕೋಳಿ, ಡ್ರಾಗನ್ನಿಗೆ ನಾಯಿ, ಹಾವಿಗೆ ಹಂದಿ. ಹುಲಿ, ಕುದುರೆ, ನಾಯಿ ಈ ಮೂರೂ ಅಲ್ಲಿ ಆಪ್ತಮಿತ್ರರು.

ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸ್ವಾರಸ್ಯ ಹೊಳೆಯುತ್ತದೆ. ಎತ್ತನ್ನೂ ಹಸುವನ್ನೂ ಒಂದೇ ಎಂದೆಣಿಸಿದರೆ ಎಂಟು ಪ್ರಾಣಿಗಳು ಎರಡರಲ್ಲಿಯೂ ಇವೆ. ಆದರೆ ಸಮಾನವಾದ ವೈರ ಒಂದೂ ಇಲ್ಲ. ನಮ್ಮ ಕುದುರೆ ಎಮ್ಮೆಯನ್ನು ಕಂಡರೆ ಸಿಡುಕುತ್ತದೆ. ಅವರ ಕುದುರೆ ಇಲಿಯನ್ನು ಕಂಡರೆ. ಹಗೆ ಪ್ರಾಣಿಯ ರಕ್ತದಲ್ಲಿಯೇ ಇದ್ದುದಾದರೆ ಹಿಮಾಲಯವನ್ನು ದಾಟಿದೊಡನೆ ಬದಲಾಗುತ್ತಿತ್ತೆ?

ಇದನ್ನು ಬರಿಯ ವಿನೋದವೆಂದು ಬಿಡುವಂತಿಲ್ಲ. ಚೀನೀ ಚಕ್ರವನ್ನು ಅನುಸರಿಸುವ ಜಪಾನಿನಲ್ಲಿ 60 ವರ್ಷಗಳಿಗೊಮ್ಮೆ ‘ಬೆಂಕಿ ಕುದುರೆ’ಯ ವರ್ಷ ಬರುತ್ತದೆ. ಆ ವರ್ಷ ಹುಟ್ಟಿದ ಹೆಣ್ಣು ಗಂಡನ ಆಯುಸ್ಸನ್ನು ಕಡಿಮೆ ಮಾಡುವಳೆಂದು ಅಲ್ಲಿಯ ಹಳೆಯ ನಂಬಿಕೆ. 1965ರಲ್ಲಿ ಆ ದೇಶದಲ್ಲಿ ಹುಟ್ಟಿದ ಮಕ್ಕಳು ಸುಮಾರು 18 ಲಕ್ಷ 23 ಸಾವಿರ. ಬೆಂಕಿ ಕುದುರೆಯ 1966ರಲ್ಲಿ 13 ಲಕ್ಷ 61 ಸಾವಿರ. ಮರುವರ್ಷ ಮತ್ತೆ 19 ಲಕ್ಷ 35 ಸಾವಿರ. ರೈಲು, ಕಾರ್ಖಾನೆಗಳಲ್ಲಿ ಜಗತ್ತಿಗೇ ಮಾದರಿಯಾಗಿದ್ದ ನಾಡು ಹೆಣ್ಣುಮಗು ಹುಟ್ಟೀತೆಂಬ ಭಯಕ್ಕೆ ತೊಟ್ಟಿಲನ್ನೇ ಅಟ್ಟಕ್ಕೇರಿಸಿತು. ನಮ್ಮಲ್ಲಿಯೂ 60 ಸಂವತ್ಸರಗಳ ಚಕ್ರವಿದೆ. 1966ರ ಯುಗಾದಿಗೆ ಮೊದಲಾದ ಸಂವತ್ಸರದ ಹೆಸರು ‘ಪರಾಭವ’! ಸೋಲೆಂಬ ಹೆಸರಿನ ಆ ವರ್ಷದಲ್ಲಿಯೂ ನಮ್ಮ ತಾಯಂದಿರು ನಿಶ್ಚಿಂತೆಯಿಂದ ತೊಟ್ಟಿಲು ತೂಗಿದರು. ಸಂವತ್ಸರಕ್ಕೆ ಅಂಜದ ನಾವು ನಕ್ಷತ್ರಕ್ಕೇಕೆ ಅಂಜಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಸಾರಥಿಯ ಬಸ್ಸಿಗಾಗಿ ಕಾಯುವ ಹೊತ್ತಿನಲ್ಲಿ ಹರಿಹರೇಶ್ವರನ ಗುಡಿಯನ್ನು ಹೊಕ್ಕು ಬರಬೇಕು. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರ ಸುಮಾರಿಗೆ, ಪೋಲಾಳ್ವ ದಂಡನಾಯಕನು ಕಟ್ಟಿಸಿದ ಗುಡಿ. 1268ರಲ್ಲಿ ಸೋಮ ದಂಡನಾಯಕನು ಇದನ್ನು ಇನ್ನಷ್ಟು ಬೆಳೆಯಿಸಿದನು. ಕಡೆದು ನಯಗೊಳಿಸಿದ ಕಂಬಗಳ ನಡುವೆ ನಡೆದು ಗರ್ಭಗುಡಿಯ ಮುಂದೆ ನಿಂತರೆ ಒಂದೇ ಮೂರ್ತಿಯಲ್ಲಿ ಬಲಗಡೆ ಹರ, ಎಡಗಡೆ ಹರಿ. ಹರನಿಂದಾಗಲಿ ಹರಿಯಿಂದಾಗಲಿ ಸಾವಿಲ್ಲವೆಂದು ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾದರೆಂದು ಸ್ಥಳಪುರಾಣ ಹೇಳುತ್ತದೆ. ಒಬ್ಬನು ಮಸಣದ ವಾಸಿ, ಒಬ್ಬನು ವೈಕುಂಠದ ಅರಸು. ಸಾಲಾವಳಿ ನೋಡಿದ್ದರೆ ಎಷ್ಟು ಗುಣ ಕೂಡುತ್ತಿತ್ತೋ! ಆದರೂ ಒಬ್ಬನು ಇನ್ನೊಬ್ಬನಲ್ಲಿ ಕರಗಿಹೋಗಿಲ್ಲ. ಜಟೆ ಜಟೆಯಾಗಿಯೇ ಇದೆ, ಕಿರೀಟ ಕಿರೀಟವಾಗಿಯೇ ಇದೆ. ನಿಂತ ನೆಲ ಮಾತ್ರ ಒಂದು.

ಶಾಸನಗಳಲ್ಲಿ ಈ ಊರಿನ ಹೆಸರು ಕೂಡಲೂರು. ಸೂಳೆಕೆರೆಯಿಂದ ಇಳಿದು ಬರುವ ಹರಿದ್ರಾ ನದಿ ಇಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಆ ತುಂಗಭದ್ರೆಯಾದರೂ ಮೇಲೆ ಕೂಡಲಿಯಲ್ಲಿ ತುಂಗೆ ಭದ್ರೆಯರು ಕೂಡಿ ಆದದ್ದು. ಜ್ಯೋತಿಷಿಯ ‘ಕೂಟ’ ಸಂಸ್ಕೃತದ್ದಾಗಿರಬಹುದು. ಕನ್ನಡಿಗನ ಕಿವಿಗೆ ಆಡು ಆಟವಾದಂತೆ, ಓಡು ಓಟವಾದಂತೆ, ಕೂಡು ಕೂಟವಾಗಿಯೇ ಕೇಳಿಸುತ್ತದೆ. ಕೂಡುವುದು ಎಂಬುದು ಕ್ರಿಯಾಪದ; ಮಾಡಿದರೆ ಉಂಟು, ಮಾಡದಿದ್ದರೆ ಇಲ್ಲ.

ಹುಟ್ಟುಹಗೆಯನ್ನು ಮೀರಿದ ಕಥೆಗಳು ಈ ನೀರಿನ ದಾರಿಯಲ್ಲಿಯೇ ಇವೆ. ಮೇಲೆ ಶೃಂಗೇರಿಯ ತುಂಗಾತೀರದಲ್ಲಿ, ಬಿಸಿಲಿನಲ್ಲಿ ಹೆರಿಗೆಯ ಬೇನೆ ತಿನ್ನುತ್ತಿದ್ದ ಕಪ್ಪೆಗೆ ಸರ್ಪವೊಂದು ಹೆಡೆ ಬಿಚ್ಚಿ ನೆರಳು ನೀಡಿದುದನ್ನು ಶಂಕರಾಚಾರ್ಯರು ಕಂಡರೆಂದು ಐತಿಹ್ಯ. ಯೋನಿಕೂಟದಲ್ಲಿ ಹಗೆಗಳಾದ ಹಸು ಹುಲಿಗಳ ಕಥೆಯನ್ನಂತೂ ಪುಣ್ಯಕೋಟಿಯ ಹಾಡಿನಲ್ಲಿ ಕೇಳದ ಕನ್ನಡದ ಮಗುವಿಲ್ಲ. ಅಲ್ಲಿ ಗೆದ್ದದ್ದು ಹುಟ್ಟಲ್ಲ, ಕೊಟ್ಟ ಮಾತು.

ಹಿರಿಯರು ಸಾಲಾವಳಿ ನೋಡಿದ್ದು ಕೇಡೆಣಿಸಿಯಲ್ಲ. ಮಕ್ಕಳ ಬಾಳು ಹಸನಾಗಲಿ ಎಂಬ ಆತಂಕಕ್ಕೆ ಅವರು ಕಂಡುಕೊಂಡ ಲೆಕ್ಕ ಅದು. ಆದರೆ 36 ಗುಣಗಳಲ್ಲಿ ಹುಡುಗನ ದುಡಿಮೆ, ಕುಡಿತ, ಕೋಪಗಳಿಗೆ ಒಂದು ಅಂಕವೂ ಇಲ್ಲ. ಹುಡುಗಿಯ ಒಪ್ಪಿಗೆಗೂ ಇಲ್ಲ. ಇವನ್ನು ವಿಚಾರಿಸಲು ಪಂಚಾಂಗ ಬೇಡ. ಎರಡು ಮನೆಯವರೂ ಎದುರುಬದುರು ಕುಳಿತು ಮನಸ್ಸು ಬಿಚ್ಚಿ ಮಾತನಾಡಿದರೆ ಸಾಕು. ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿಗೆ ಮಾವನ ಅಕ್ಕರೆಯ ಹಕ್ಕೂ ಇದೆ. ಆ ಹಕ್ಕನ್ನು ಅವಳಿಗೆ ಮರಳಿ ಕೊಡುವ ಮನೆಯೊಂದು ಸಾರಥಿಯಲ್ಲಿ ದೊರೆತರೆ ಸಾರಥಿಯ ಹೆಸರು ಸಾರ್ಥಕ.